177ನೇ ಸರದಿಯವರೆಗೆ ನಕುವಾನನ್ನು ಯಾರೂ ಯಾಕೆ ಕರೆಯಲಿಲ್ಲ?

ಪ್ರಶ್ನೆ: ನಾವು ಸಿಯಾಟಲ್ ಹತ್ತಿರ ಇದ್ದೇವೆ, ಊರು ಶಿವಮೊಗ್ಗ ಕಡೆ. ಮಗನಿಂದಾಗಿ ಮನೆಮಂದಿಗೆಲ್ಲ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿದಿದೆ. 2023ರಲ್ಲಿ ರಾಮ್ಸ್ ತಂಡದ ಪುಕಾ ನಕುವಾ ಇಲ್ಲಿಗೆ ಬಂದು, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತನ್ನ ಮೊದಲ ಪಂದ್ಯದಲ್ಲೇ ನಮ್ಮ ಸೀಹಾಕ್ಸ್ ಮೇಲೆ 10 ಕ್ಯಾಚ್ ಹಿಡಿದ. ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆತ 177ನೆಯವನು ಅಂತ ಆಮೇಲೆ ಗೊತ್ತಾಯಿತು. 32 ತಂಡಗಳು, ಆಟಗಾರರನ್ನು ಹುಡುಕುವ ಅಷ್ಟೊಂದು ಸ್ಕೌಟ್‌ಗಳು, ಕಂಪ್ಯೂಟರು, ಅಂಕಿ ಅಂಶ ಎಲ್ಲ ಇದ್ದೂ ಇಂಥವನನ್ನು ಹೇಗೆ ಬಿಟ್ಟರು? ಇಂಥ ರಿಸೀವರ್‌ನನ್ನು, ಅಂದರೆ ಪಾಸ್ ಹಿಡಿಯುವವನನ್ನು, ಸ್ಕೌಟ್ ಪತ್ತೆ ಹಚ್ಚುವುದು ಹೇಗೆ? ಕೇಳಲು ಇನ್ನೊಂದು ಕಾರಣವೂ ಇದೆ. ನಮ್ಮ ಮಗ ಹೈಸ್ಕೂಲ್ ತಂಡದಲ್ಲಿ ರಿಸೀವರ್. ಚೆಂಡು ಚೆನ್ನಾಗಿ ಹಿಡಿಯುತ್ತಾನೆ, ಓಟ ಮಾತ್ರ ಸಾಧಾರಣ. ಎಲ್ಲರೂ ಅವನ 40 ಗಜದ ಟೈಮ್ ಒಂದನ್ನೇ ಕೇಳುತ್ತಾರೆ.

ಉತ್ತರ: ನಮಸ್ಕಾರ. ಕಾಲೇಜು ರಿಸೀವರ್‌ಗಳ ಟೇಪ್ ನೋಡಿ ವರದಿ ಬರೆಯುವುದು ನನ್ನ ಕೆಲಸ. ನನಗೆ ಅತಿ ಇಷ್ಟದ ವಿಷಯವನ್ನೇ ಕೇಳಿದ್ದೀರಿ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನಕುವಾ ಯಾರ ಕಣ್ಣಿಗೂ ಬೀಳದೆ ಉಳಿದವನಲ್ಲ. ಮೊದಲು ಆಡಿದ್ದು ನಿಮ್ಮ ಊರಿನಲ್ಲೇ, ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ. ಆಮೇಲೆ ತನ್ನ ರಾಜ್ಯ ಯೂಟಾಗೆ ವಾಪಸ್ ಹೋಗಿ ಬಿವೈಯು (ಬ್ರಿಗಮ್ ಯಂಗ್ ಯೂನಿವರ್ಸಿಟಿ) ಸೇರಿದ. ಎರಡೂ ದೊಡ್ಡ ಕಾಲೇಜುಗಳೇ, ಎರಡರ ಪಂದ್ಯಗಳೂ ಟಿವಿಯಲ್ಲಿ ಬರುತ್ತವೆ. ಅಲಬಾಮಾದ ಮೊಬೀಲ್‌ನಲ್ಲಿ ನಡೆಯುವ, ಡ್ರಾಫ್ಟ್‌ಗೆ ಹೋಗುವ ಕಾಲೇಜು ಆಟಗಾರರ ಪ್ರದರ್ಶನ ಪಂದ್ಯವಾದ ಸೀನಿಯರ್ ಬೌಲ್‌ಗೂ ಆತನನ್ನು ಕರೆದಿದ್ದರು. ಅಲ್ಲಿ ಒಂದು ವಾರ ಪೂರ್ತಿ ಎಲ್ಲ ತಂಡಗಳ ಸ್ಕೌಟ್‌ಗಳು ಮೈದಾನದ ಪಕ್ಕದಲ್ಲೇ ನಿಂತಿರುತ್ತಾರೆ. ಅಂದರೆ 32 ತಂಡಗಳ ಹತ್ತಿರವೂ ಆತನ ಫೈಲ್ ಇತ್ತು. ಎಲ್ಲರೂ ನೋಡಿದ್ದರು, ನೋಡಿಯೇ ಕೆಳಗೆ ಹಾಕಿದ್ದರು.

ಈ ಕಾಲದಲ್ಲಿ ಕಾಣದ ಮೂಲೆಯಲ್ಲಿ ಅಡಗಿರುವ ಆಟಗಾರ ಅಂತ ಹೆಚ್ಚುಕಮ್ಮಿ ಯಾರೂ ಇಲ್ಲ. ಸ್ಕೌಟ್ ಹುಡುಕಬೇಕಾದದ್ದು ಆತ ಕೆಳಗೆ ಬಿದ್ದದ್ದಕ್ಕೆ ಕಾರಣವನ್ನು. ಕಾರಣ ಸಿಕ್ಕ ಮೇಲೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ನಮ್ಮ ತಂಡ ಆತನಿಗೆ ಕೊಡಲಿರುವ ಕೆಲಸಕ್ಕೆ ಈ ಕಾರಣ ನಿಜವಾಗಿಯೂ ಅಡ್ಡಿಯಾ? ಅಡ್ಡಿಯಾದರೆ ಬಿಡಬೇಕು. ಅಲ್ಲ ಅಂತಾದರೆ ಬೇರೆಯವರು ಕೊಟ್ಟಿರುವ ರಿಯಾಯಿತಿಯಲ್ಲಿ ಒಳ್ಳೆ ಆಟಗಾರ ಸಿಗುತ್ತಾನೆ.

ನಕುವಾ ಫೈಲ್‌ನಲ್ಲಿ ಏನಿತ್ತು ನೋಡಿ. ವಾಷಿಂಗ್ಟನ್‌ನಲ್ಲಿದ್ದಾಗ ಪಾದದ ಮೂಳೆ ಮುರಿದಿತ್ತು. ಬಿವೈಯುನಲ್ಲೂ ಗಾಯಗಳಿಂದ ಪಂದ್ಯಗಳು ತಪ್ಪಿದವು. ಕೊನೆಯ ವರ್ಷ 48 ಕ್ಯಾಚ್, 625 ಗಜ. ಈ ಲೆಕ್ಕ ನೋಡಿ ಯಾರೂ ಹೌಹಾರುವುದಿಲ್ಲ. ಮಿಂಚಿನ ಓಟಗಾರನೂ ಅಲ್ಲ. ಅದೇ ಡ್ರಾಫ್ಟ್‌ನ ಮೊದಲ ರೌಂಡ್‌ನಲ್ಲಿ 20, 21, 22, 23ನೇ ಸರದಿಯಲ್ಲಿ ಸಾಲಾಗಿ ನಾಲ್ಕು ರಿಸೀವರ್‌ಗಳು ಹೋದರು. ಮೊದಲನೆಯವನು ನಿಮ್ಮ ಸೀಹಾಕ್ಸ್‌ನ ಜಾಕ್ಸನ್ ಸ್ಮಿತ್-ಎನ್ಜಿಗ್ಬಾ. ಆತನೂ ಬಹಳ ಒಳ್ಳೆ ಆಟಗಾರ, ಆ ಆಯ್ಕೆಯಲ್ಲಿ ತಪ್ಪೇನೂ ಇರಲಿಲ್ಲ. ನಕುವಾನ ಹೆಸರು ಬಂದದ್ದು ಐದನೇ ರೌಂಡ್‌ನಲ್ಲಿ.

ಈಗ ರಾಮ್ಸ್ ಕಡೆಯಿಂದ ನೋಡಿ. ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತರುವಾಗ ಅವರು ಮೊದಲ ರೌಂಡ್ ಸರದಿಗಳನ್ನು ಡೆಟ್ರಾಯಿಟ್‌ಗೆ ಕೊಟ್ಟುಬಿಟ್ಟಿದ್ದರು. ಹಾಗಾಗಿ ಕೆಳಗಿನ ರೌಂಡ್‌ಗಳಲ್ಲೇ ಒಳ್ಳೆಯವರನ್ನು ಹೆಕ್ಕದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಕೋಚ್ ಶಾನ್ ಮೆಕ್‌ವೇ ಆಟದಲ್ಲಿ ರಿಸೀವರ್‌ಗಳು ಅಂಚಿನಲ್ಲಿ ದೂರ ನಿಲ್ಲುವುದು ಕಡಿಮೆ. ಚೆಂಡಿನ ಅಕ್ಕಪಕ್ಕ ನಿಲ್ಲುವವರ ಸಾಲಿಗೆ (ಲೈನ್) ಹತ್ತಿರ ನಿಲ್ಲುತ್ತಾರೆ, ಚೆಂಡು ಏಳುವ ಮೊದಲೇ ಅತ್ತಿಂದಿತ್ತ ಸರಿಯುತ್ತಾರೆ, ರನ್ ಆಟದಲ್ಲಿ (ಪಾಸ್ ಇಲ್ಲದೆ ಚೆಂಡು ಹಿಡಿದು ಓಡುವುದು) ತಮಗಿಂತ ದಪ್ಪಗಿರುವವರನ್ನೂ ತಡೆಯಬೇಕಾಗುತ್ತದೆ. ಹಾಗಾಗಿ ಗಟ್ಟಿ ಮೈ ಬೇಕು, ರೂಟ್ (ಪಾಸ್‌ಗಾಗಿ ಓಡಬೇಕಾದ ದಾರಿ) ತಿಳಿದಿರಬೇಕು, ಗುಂಪಿನ ನಡುವೆ ಚೆಂಡು ಹಿಡಿಯುವ ಧೈರ್ಯ ಬೇಕು, ಹಿಡಿದ ಮೇಲೆ ಒಂದು ಟ್ಯಾಕಲ್ ಮುರಿಯುವ ಶಕ್ತಿ ಬೇಕು. ನೇರ ಓಟದ ವೇಗ ಈ ಪಟ್ಟಿಯಲ್ಲಿ ಕೆಳಗೆ ಬರುತ್ತದೆ. ನಕುವಾ ವಿಷಯದಲ್ಲಿ ನಿಜವಾದ ಭಯ ಅಂದರೆ ಗಾಯ ಒಂದೇ. ಅದು ಸಣ್ಣ ಭಯವೇನಲ್ಲ. ಆದರೆ ಐದನೇ ರೌಂಡ್ ಬೆಲೆಗೆ ಆ ಭಯವನ್ನು ಕೊಂಡುಕೊಳ್ಳಬಹುದು, ಮೊದಲ ರೌಂಡ್ ಬೆಲೆಗೆ ಆಗುವುದಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತು. ಮೊದಲ ಪಂದ್ಯದಲ್ಲಿ 10 ಕ್ಯಾಚ್, ಎರಡನೆಯದರಲ್ಲಿ 15. ವರ್ಷ ಮುಗಿಯುವಾಗ 105 ಕ್ಯಾಚ್, 1,486 ಗಜ. ಹೊಸಬನೊಬ್ಬ ಗಳಿಸಿದ ಗಜಗಳ ದಾಖಲೆ ಅದುವರೆಗೆ 1960ರ ಬಿಲ್ ಗ್ರೋಮನ್ ಹೆಸರಿನಲ್ಲಿತ್ತು, 1,473. ಅಷ್ಟು ವರ್ಷ ನಿಂತಿದ್ದ ದಾಖಲೆ ಹೋಯಿತು.

ಇನ್ನೊಂದು ಮಾತನ್ನೂ ಹೇಳಬೇಕು. ಆ ವರ್ಷದ ಮೊದಲ ನಾಲ್ಕು ಪಂದ್ಯಗಳಿಗೆ ರಾಮ್ಸ್‌ನ ಮುಖ್ಯ ರಿಸೀವರ್ ಕೂಪರ್ ಕಪ್ ಗಾಯಾಳು. ಕಪ್‌ಗೆ ಹೋಗಬೇಕಾಗಿದ್ದ ಚೆಂಡುಗಳು ನಕುವಾ ಕಡೆ ತಿರುಗಿದವು. ಅವಕಾಶ ಅಷ್ಟು ಬೇಗ ಸಿಗದಿದ್ದರೂ ಆತ ಮೇಲೆ ಬರುತ್ತಿದ್ದ ಅಂತ ನಾನು ನಂಬುತ್ತೇನೆ, ಆದರೆ ಮೊದಲ ಪಂದ್ಯದಿಂದಲೇ ಅಲ್ಲ. ಆಟಗಾರನನ್ನು ಆರಿಸುವುದು ಅರ್ಧ ಕೆಲಸ, ಸರಿಯಾದ ಜಾಗದಲ್ಲಿ ಕೂರಿಸುವುದು ಇನ್ನರ್ಧ.

ಕಪ್ ಕಥೆ ನಿಮ್ಮ ರಾಜ್ಯದ್ದೇ, ನಿಮ್ಮ ಮಗನಿಗೂ ಬೇಕಾದದ್ದು. ಯಾಕಿಮಾದ ಹುಡುಗ. ಹೈಸ್ಕೂಲ್ ಮುಗಿಸಿದಾಗ ದೊಡ್ಡ ಕಾಲೇಜು ಒಂದೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಸ್ಪೋಕೇನ್ ಪಕ್ಕದ ಚೀನಿ ಎಂಬ ಊರಿನಲ್ಲಿರುವ ಈಸ್ಟರ್ನ್ ವಾಷಿಂಗ್ಟನ್ ಯೂನಿವರ್ಸಿಟಿ ಸೇರಿದ. ಅದು ಎರಡನೇ ದರ್ಜೆಯ ವಿಭಾಗ, ಎಫ್‌ಸಿಎಸ್. ಅಲ್ಲಿ 428 ಕ್ಯಾಚ್, 6,464 ಗಜ, 73 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸುವುದು). ಇಂಥ ಲೆಕ್ಕ ನೋಡಿದಾಗ ಸ್ಕೌಟ್‌ಗೆ ಬರುವ ಮೊದಲ ಅನುಮಾನ, ಎದುರಿಗಿದ್ದವರು ಯಾರು ಅಂತ. ನ್ಯಾಯವಾದ ಅನುಮಾನವೇ.

ಆದರೆ ಉತ್ತರವೂ ಟೇಪ್‌ನಲ್ಲೇ ಇತ್ತು. ಸಣ್ಣ ಕಾಲೇಜುಗಳು ವರ್ಷಕ್ಕೆ ಒಂದೋ ಎರಡೋ ಪಂದ್ಯ ದೊಡ್ಡ ಕಾಲೇಜಿನ ವಿರುದ್ಧ ಆಡುತ್ತವೆ. ಕಪ್ ನಾಲ್ಕು ವರ್ಷಗಳಲ್ಲಿ ಪಶ್ಚಿಮದ ದೊಡ್ಡ ಕಾಲೇಜುಗಳ ಗುಂಪಾಗಿದ್ದ ಪ್ಯಾಕ್-12 ತಂಡಗಳ ಮೇಲೆ ನಾಲ್ಕು ಪಂದ್ಯ ಆಡಿದ: ಒರೆಗಾನ್ ಸ್ಟೇಟ್, ವಾಷಿಂಗ್ಟನ್, ಒರೆಗಾನ್, ವಾಷಿಂಗ್ಟನ್ ಸ್ಟೇಟ್. ಆ ನಾಲ್ಕರಲ್ಲಿ 40 ಕ್ಯಾಚ್, 716 ಗಜ, 11 ಟಚ್‌ಡೌನ್. ಒರೆಗಾನ್ ಒಂದರ ಮೇಲೆಯೇ 246 ಗಜ. ಎದುರಾಳಿ ಬಲವಾದಷ್ಟೂ ಈತನ ಆಟ ಕುಗ್ಗಲಿಲ್ಲ. ಸಣ್ಣ ಕಾಲೇಜಿನ ಆಟಗಾರನ ಫೈಲ್ ತೆರೆದಾಗ ನಾನು ಮೊದಲು ನೋಡುವುದು ಇಂಥ ಪಂದ್ಯಗಳನ್ನೇ. ಉಳಿದವು ಆಮೇಲೆ.

ಹಾಗಿದ್ದೂ 2017ರಲ್ಲಿ ಕಪ್ ಹೋದದ್ದು ಮೂರನೇ ರೌಂಡ್‌ನಲ್ಲಿ, 69ನೆಯವನಾಗಿ. ಡ್ರಾಫ್ಟ್‌ಗೆ ಮೊದಲು ಆಟಗಾರರನ್ನು ಅಳೆದು ಪರೀಕ್ಷಿಸುವ ಕಾಂಬೈನ್‌ನಲ್ಲಿ 40 ಗಜಕ್ಕೆ ತೆಗೆದುಕೊಂಡದ್ದು 4.62 ಸೆಕೆಂಡ್. ಅದೇ ಕಾಂಬೈನ್‌ನಲ್ಲಿ ಜಾನ್ ರಾಸ್ 4.22ರಲ್ಲಿ ಓಡಿ ಆಗಿನ ದಾಖಲೆ ಮಾಡಿದ, ಒಂಬತ್ತನೆಯವನಾಗಿ ಸಿನ್ಸಿನಾಟಿ ಸೇರಿದ. ರಾಸ್‌ಗೆ ಗಾಯಗಳು ಕಾಡಿದವು, ಒಂದು ವರ್ಷವೂ 1,000 ಗಜ ಮುಟ್ಟಲಾಗಲಿಲ್ಲ. ಕಪ್ 2021ರಲ್ಲಿ 145 ಕ್ಯಾಚ್, 1,947 ಗಜ, 16 ಟಚ್‌ಡೌನ್ ಹೊಡೆದು ಮೂರು ಲೆಕ್ಕದಲ್ಲೂ ಲೀಗ್‌ಗೆ ಮೊದಲಿಗನಾದ. ಆ ಸಲದ ಫೈನಲ್ ಪಂದ್ಯ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನೂ ಆತನೇ. 2025ರಲ್ಲಿ ನಿಮ್ಮ ಸೀಹಾಕ್ಸ್‌ಗೇ ಬಂದ.

ಇದರಿಂದ ವೇಗಕ್ಕೆ ಬೆಲೆ ಇಲ್ಲ ಅಂತ ಅಂದುಕೊಳ್ಳಬೇಡಿ. 4.42 ಮತ್ತು 4.62 ನಡುವಿನ ಅಂತರ 40 ಗಜದ ಕೊನೆಗೆ ಸುಮಾರು ಎರಡು ಗಜ. ಆಳದ ಪಾಸ್‌ನಲ್ಲಿ ಎರಡು ಗಜ ಅಂದರೆ ಟಚ್‌ಡೌನ್‌ಗೂ ಬರಿಗೈಗೂ ಇರುವ ವ್ಯತ್ಯಾಸ. ಆದರೆ ರಿಸೀವರ್ ಓಡುವ ರೂಟ್‌ಗಳಲ್ಲಿ ಹೆಚ್ಚಿನವು 5ರಿಂದ 15 ಗಜದೊಳಗೆ ಮುಗಿಯುತ್ತವೆ. ಅಲ್ಲಿ ಆತ ಓಡುತ್ತಾನೆ, ನಿಲ್ಲುತ್ತಾನೆ, ತಿರುಗುತ್ತಾನೆ, ಅದೂ ಮೈಮೇಲೆ ಒಬ್ಬನ ಕೈ ಇಟ್ಟುಕೊಂಡು. 40 ಗಜದ ಓಟದಲ್ಲಿ ನಿಲ್ಲುವುದನ್ನು ಅಳೆಯುವುದೇ ಇಲ್ಲ. ಕಬಡ್ಡಿ ರೈಡರ್ ಒಂದು ಕಡೆ ವಾಲಿ, ಡಿಫೆಂಡರ್ ಮೈ ಆ ಕಡೆ ತಿರುಗಿದ ಕ್ಷಣಕ್ಕೆ ಇನ್ನೊಂದು ಕಡೆ ನೆಗೆಯುತ್ತಾನಲ್ಲ, ಒಳ್ಳೆ ರಿಸೀವರ್ ಗೆಲ್ಲುವುದು ಆ ತರಹ. ಹಾಗಾಗಿ ನಾನು ಫಾರ್ಟಿಗಿಂತ (40 ಗಜದ ಓಟ) ಅದರ ಮೊದಲ 10 ಗಜದ ಟೈಮ್ ಜಾಸ್ತಿ ನೋಡುತ್ತೇನೆ. ಮೂರು ಕೋನ್ ಇಟ್ಟು ಸುತ್ತು ಹೊಡೆಸುವ ಡ್ರಿಲ್ ಇದೆ, ಅದನ್ನೂ ನೋಡುತ್ತೇನೆ. ಈಗ ಎನ್‌ಎಫ್‌ಎಲ್ ಆಟಗಾರರ ಭುಜದ ಪ್ಯಾಡ್‌ನೊಳಗೆ ಚಿಪ್ ಇರುತ್ತದೆ, ಎಷ್ಟೋ ಕಾಲೇಜುಗಳಲ್ಲಿ ಅಭ್ಯಾಸದ ವೇಳೆ ಜಿಪಿಎಸ್ ಹಾಕಿಸುತ್ತಾರೆ. ಆಟದ ಬಟ್ಟೆಯಲ್ಲಿ, ಸುಸ್ತಾದ ಮೇಲೂ, ನಾಲ್ಕನೇ ಕ್ವಾರ್ಟರ್‌ನಲ್ಲಿ ಆತ ಎಷ್ಟು ವೇಗ ಉಳಿಸಿಕೊಳ್ಳುತ್ತಾನೆ ಅನ್ನುವುದು ನನಗೆ ಸ್ಟಾಪ್‌ವಾಚ್‌ಗಿಂತ ದೊಡ್ಡ ಮಾಹಿತಿ.

ಇನ್ನು ಟೇಪ್. ನೀವು ಟಿವಿಯಲ್ಲಿ ನೋಡುವುದು ಚೆಂಡಿನ ಹಿಂದೆ ಓಡುವ ಕ್ಯಾಮೆರಾ. ರಿಸೀವರ್ ಮಾಡುವ ಕೆಲಸದಲ್ಲಿ ಹೆಚ್ಚು ಪಾಲು ಅದರಲ್ಲಿ ಕಾಣುವುದೇ ಇಲ್ಲ. ಸ್ಕೌಟ್ ನೋಡುವುದು ಎತ್ತರದಿಂದ 22 ಆಟಗಾರರನ್ನೂ ಹಿಡಿಯುವ ಟೇಪ್. ಅದರಲ್ಲಿ ಒಂದು ಆಟವನ್ನು ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ. ಡಿಗ್ ಅಂತ ಒಂದು ರೂಟ್ ಇದೆ. ಸುಮಾರು 15 ಗಜ ನೇರ ಓಡಿ, ಥಟ್ಟನೆ ಒಳಕ್ಕೆ 90 ಡಿಗ್ರಿ ತಿರುಗಬೇಕು.

ಮೊದಲ ಸಲ ರಿಸೀವರ್ ಕಾಲನ್ನಷ್ಟೇ ನೋಡುತ್ತೇನೆ. ಹೊರಡುವಾಗ ಹಿಂದಕ್ಕೆ ಒಂದು ಸುಳ್ಳು ಹೆಜ್ಜೆ ಇಡುತ್ತಾನಾ? ಆಮೇಲೆ ಓಟ. ಇದು ನೇರ ಆಳಕ್ಕೆ ಹೋಗುವ ರೂಟೇ ಅಂತ ಎದುರಿನ ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ಕಾಯುವ ಡಿಫೆಂಡರ್) ನಂಬಬೇಕು. ಅಷ್ಟು ಜೋರಾಗಿ, ಎದೆ ಮುಂದಕ್ಕೆ ಬಾಗಿಸಿ ಅವನ ಮೇಲೆಯೇ ಓಡಬೇಕು. ಹದಿಮೂರು, ಹದಿನಾಲ್ಕನೇ ಗಜಕ್ಕೆ ಬಂದಾಗ ಸಾಧಾರಣ ರಿಸೀವರ್ ಎದೆ ಎತ್ತುತ್ತಾನೆ, ಪಟಪಟ ಅಂತ ಐದಾರು ಸಣ್ಣ ಹೆಜ್ಜೆ ಹಾಕಿ ನಿಲ್ಲುತ್ತಾನೆ. ಕಾರ್ನರ್‌ಗೆ ಅಷ್ಟು ಸೂಚನೆ ಸಾಕು. ಒಳ್ಳೆಯವನು ಸೊಂಟ ಕೆಳಗಿಳಿಸಿ ಎರಡು ಮೂರು ಹೆಜ್ಜೆಯಲ್ಲೇ ವೇಗ ಕೊಲ್ಲುತ್ತಾನೆ. ತಲೆ, ಭುಜ ಇದ್ದಲ್ಲೇ ಇರುತ್ತವೆ.

ಎರಡನೇ ಸಲ ರಿಸೀವರ್‌ನನ್ನು ಬಿಟ್ಟು ಕಾರ್ನರ್‌ಬ್ಯಾಕ್ ಸೊಂಟ ನೋಡುತ್ತೇನೆ. ಅವನು ಯಾವ ಗಜದಲ್ಲಿ ಬೆನ್ನು ತಿರುಗಿಸಿ ಓಡಲು ಶುರು ಮಾಡಿದ? ಸೊಂಟ ಒಮ್ಮೆ ತಿರುಗಿತು ಅಂದರೆ ರಿಸೀವರ್ ಗೆದ್ದಂತೆ. ಚೆಂಡು ಎಲ್ಲಿಗಾದರೂ ಹೋಗಲಿ, ಆ ಆಟಕ್ಕೆ ನನ್ನ ಪುಸ್ತಕದಲ್ಲಿ ಒಳ್ಳೆ ಅಂಕ ಬೀಳುತ್ತದೆ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ನೋಡದೇ ಹೋದ, ಎಸೆಯುವಷ್ಟು ತೋಳು ಇರಲಿಲ್ಲ, ಲೈನ್ ಕುಸಿದು ಬಿತ್ತು, ಇದೆಲ್ಲ ದಿನಾ ನಡೆಯುತ್ತದೆ. ಆತ ಡಿಫೆಂಡರ್‌ನಿಂದ ಬಿಡಿಸಿಕೊಂಡಿದ್ದೂ ಚೆಂಡು ಬಾರದ ಆಟಗಳನ್ನು ನಾನು ಬೇರೆಯಾಗಿ ಗುರುತಿಸಿಕೊಳ್ಳುತ್ತೇನೆ. ಅಗ್ಗಕ್ಕೆ ಸಿಗುವ ರಿಸೀವರ್‌ಗಳು ಎಷ್ಟೋ ಸಲ ಅಲ್ಲೇ ಇರುತ್ತಾರೆ.

ಮೂರನೇ ಸಲ ಕೈ. ಚೆಂಡು ಗಾಳಿಯಲ್ಲಿದ್ದಾಗ ಡಿಫೆಂಡರ್‌ಗೆ ಚೆಂಡು ಕಾಣುವುದಿಲ್ಲ, ಅವನ ಬೆನ್ನು ಆ ಕಡೆ ಇರುತ್ತದೆ. ಅವನು ಓದುವುದು ರಿಸೀವರ್ ಕಣ್ಣು ಮತ್ತು ಕೈ. ಕೈ ಬೇಗ ಎತ್ತಿದರೆ ಅವನೂ ಕೈ ಹಾಕುತ್ತಾನೆ. ಪಕ್ವವಾದ ರಿಸೀವರ್ ಕೊನೆ ಕ್ಷಣದವರೆಗೆ ಕೈ ಕೆಳಗೇ ಇಟ್ಟು, ಚೆಂಡು ಮುಟ್ಟುವ ಹೊತ್ತಿಗೆ ಥಟ್ಟನೆ ಎತ್ತುತ್ತಾನೆ. 20 ವರ್ಷದ ಹುಡುಗನಲ್ಲಿ ಇದು ಕಂಡರೆ ನಾನು ಟೇಪ್ ನಿಲ್ಲಿಸಿ ಮತ್ತೆ ಹಿಂದಕ್ಕೆ ಹಾಕುತ್ತೇನೆ. ಅಷ್ಟು ಅಪರೂಪ ಅದು. ಎದೆಗೆ ಒತ್ತಿಕೊಂಡು ಹಿಡಿಯುವವರ ಬಗ್ಗೆ ನನಗೆ ಯಾವಾಗಲೂ ಅನುಮಾನ.

ಆಮೇಲೆ ಆತನಿಗೆ ಸಂಬಂಧವೇ ಇಲ್ಲದ ಆಟಗಳು. ರನ್ ಆಟ ಇನ್ನೊಂದು ಬದಿಗೆ ಹೋಗುತ್ತಿದೆ, ಆಗ ಈತ ಏನು ಮಾಡುತ್ತಾನೆ? ಸುಮ್ನೆ ಜಾಗಿಂಗ್ ಮಾಡುತ್ತಾನಾ, ಹಿಂದೆ ಆಳದಲ್ಲಿ ನಿಲ್ಲುವ ಡಿಫೆಂಡರ್ ಸೇಫ್ಟಿಯನ್ನು ಹುಡುಕಿಕೊಂಡು ಹೋಗಿ ತಡೆಯುತ್ತಾನಾ? ನಕುವಾ ಟೇಪ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಕೈಯಲ್ಲಿ ಚೆಂಡಿಲ್ಲದಾಗಲೂ ಅದೇ ಹಠ. ಐದನೇ ರೌಂಡ್‌ನವನು ತಂಡದಲ್ಲಿ ಉಳಿಯಬೇಕಾದರೆ ಮೊದಲು ಬ್ಲಾಕಿಂಗ್, ಕಿಕ್ ಆಟಗಳಲ್ಲಿ ಕೋಚ್‌ಗೆ ಬೇಕಾದವನಾಗಬೇಕು. ಪಾಸ್ ಬರುವುದು ಆಮೇಲೆ.

ಕಾಲೇಜು ಟೇಪ್ ನೋಡುವಾಗ ನಿಯಮಗಳ ವ್ಯತ್ಯಾಸ ತಲೆಯಲ್ಲಿರಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಕಾಲೇಜಿನಲ್ಲಿ ಚೆಂಡು ಇಡುವ ಜಾಗದ ಮಿತಿ ತೋರಿಸುವ ಎರಡು ಹ್ಯಾಷ್ ಗೆರೆಗಳ ನಡುವೆ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು ಮಾತ್ರ. ಹಾಗಾಗಿ ಕಾಲೇಜು ಆಟದಲ್ಲಿ ಚೆಂಡು ಒಂದು ಪಕ್ಕಕ್ಕೆ ಇಟ್ಟಾಗ ಇನ್ನೊಂದು ಕಡೆ ಬಯಲಿನಷ್ಟು ಜಾಗ ತೆರೆದುಕೊಳ್ಳುತ್ತದೆ. ಆ ಅಗಲದ ಕಡೆ ಸಿಕ್ಕ ಕ್ಯಾಚ್‌ಗಳು ಎನ್‌ಎಫ್‌ಎಲ್‌ನಲ್ಲಿ ಹಾಗೇ ಸಿಗುವುದಿಲ್ಲ. ನಾನು ಕಿರಿದಾದ ಕಡೆಯ ಆಟಗಳಿಗೆ ಜಾಸ್ತಿ ತೂಕ ಕೊಡುತ್ತೇನೆ. ಕಾಲೇಜಿನಲ್ಲಿ ಕ್ಯಾಚ್‌ಗೆ ಒಂದು ಕಾಲು ಗೆರೆಯೊಳಗಿದ್ದರೆ ಸಾಕು, ಎನ್‌ಎಫ್‌ಎಲ್‌ಗೆ ಎರಡೂ ಬೇಕು. ಅಂಚಿನಲ್ಲಿ ಹಿಡಿಯುವಾಗ ಎರಡನೇ ಕಾಲನ್ನೂ ತಾನಾಗಿ ಎಳೆದು ಒಳಗಿಡುವ ಹುಡುಗ ಆಗಲೇ ಮುಂದಿನ ಮೆಟ್ಟಿಲಿಗೆ ತಯಾರಾಗುತ್ತಿದ್ದಾನೆ.

ಅಂಕಿಗಳ ಬಗ್ಗೆ ಸ್ವಲ್ಪ. ಒಟ್ಟು ಗಜಗಳ ಲೆಕ್ಕ ಮೋಸ ಮಾಡುತ್ತದೆ. ಪಂದ್ಯಕ್ಕೆ 50 ಸಲ ಪಾಸ್ ಎಸೆಯುವ ತಂಡದಲ್ಲಿ 1,000 ಗಜ ಗಳಿಸುವುದೂ, 20 ಸಲ ಎಸೆಯುವ ತಂಡದಲ್ಲಿ 600 ಗಜ ಗಳಿಸುವುದೂ ಒಂದೇ ಅಲ್ಲ, ಎರಡನೆಯದೇ ದೊಡ್ಡದಿರಬಹುದು. ಅದಕ್ಕೇ ತಂಡದ ಒಟ್ಟು ಪಾಸ್ ಗಜಗಳಲ್ಲಿ ಈತನ ಪಾಲೆಷ್ಟು, ಓಡಿದ ಪ್ರತಿ ರೂಟ್‌ಗೆ ಸರಾಸರಿ ಎಷ್ಟು ಗಜ ಬಂತು ಅಂತ ನೋಡುತ್ತಾರೆ. ಗಾಯದಿಂದ ಪಂದ್ಯ ತಪ್ಪಿಸಿಕೊಂಡವನಿಗೆ ಈ ಎರಡನೇ ಲೆಕ್ಕ ನ್ಯಾಯ ಒದಗಿಸುತ್ತದೆ, ಯಾಕಂದ್ರೆ ಆಡದ ದಿನಗಳು ಅದರಲ್ಲಿ ಸೇರುವುದಿಲ್ಲ. ವಯಸ್ಸೂ ಮುಖ್ಯ. 19 ವರ್ಷಕ್ಕೇ ತಂಡದ ಮುಖ್ಯ ರಿಸೀವರ್ ಆದವನಿಗೂ, 23 ವರ್ಷಕ್ಕೆ ತನಗಿಂತ ಚಿಕ್ಕವರ ಮೇಲೆ ಮೆರೆದವನಿಗೂ ತುಂಬಾ ವ್ಯತ್ಯಾಸ ಇದೆ.

ಟೇಪ್, ಅಂಕಿ ಎರಡೂ ಹೇಳದ ಮಾತನ್ನು ಜನ ಹೇಳುತ್ತಾರೆ. ಇದಕ್ಕೆ ನಿಮ್ಮ ಊರಿನ ಅತಿ ದೊಡ್ಡ ಉದಾಹರಣೆಯೇ ಇದೆ. ಸ್ಟೀವ್ ಲಾರ್ಜೆಂಟ್. 1976ರಲ್ಲಿ ಹ್ಯೂಸ್ಟನ್ ಆಯ್ಲರ್ಸ್ ನಾಲ್ಕನೇ ರೌಂಡ್‌ನಲ್ಲಿ ತೆಗೆದುಕೊಂಡಿತು. ಪೂರ್ವಸಿದ್ಧತೆಯ ಪಂದ್ಯಗಳಾದ ಮೇಲೆ ಬೇಡ ಅಂದುಕೊಂಡಿತು. ಆ ವರ್ಷವಷ್ಟೇ ಹುಟ್ಟಿದ್ದ ಸೀಹಾಕ್ಸ್ ಮುಂದಿನ ವರ್ಷದ ಎಂಟನೇ ರೌಂಡ್ ಸರದಿಯೊಂದನ್ನು ಕೊಟ್ಟು ಆತನನ್ನು ಪಡೆಯಿತು. ಯಾಕೆ ಗೊತ್ತಾ? ಸೀಹಾಕ್ಸ್ ಸಹಾಯಕ ಕೋಚ್ ಜೆರ್ರಿ ರೋಮ್ ಅದಕ್ಕೂ ಮೊದಲು ಟಲ್ಸಾ ಯೂನಿವರ್ಸಿಟಿಯಲ್ಲಿ ಲಾರ್ಜೆಂಟ್‌ಗೆ ಕೋಚ್ ಆಗಿದ್ದವರು. ಅಭ್ಯಾಸದಲ್ಲಿ ಆತನನ್ನು ದಿನಾ ನೋಡಿದ್ದವರು. ಲಾರ್ಜೆಂಟ್ ನಿವೃತ್ತಿಯಾಗುವಾಗ 819 ಕ್ಯಾಚ್, 13,089 ಗಜ, 100 ಟಚ್‌ಡೌನ್, ಮೂರೂ ಆಗಿನ ಲೀಗ್ ದಾಖಲೆ.

ಅದಕ್ಕೇ ಕಾಲೇಜಿಗೆ ಹೋದ ಸ್ಕೌಟ್ ಮುಖ್ಯ ಕೋಚ್ ಹತ್ತಿರ ಮಾತಾಡಿ ಹೊರಟುಬಿಡಬಾರದು. ಮುಖ್ಯ ಕೋಚ್ ತನ್ನ ಹುಡುಗರನ್ನು ಹೊಗಳಿಯೇ ಹೊಗಳುತ್ತಾರೆ, ಅದು ಅವರ ಧರ್ಮ. ಪಾದಕ್ಕೆ ಟೇಪ್ ಸುತ್ತುವ ಟ್ರೇನರ್, ಹೆಲ್ಮೆಟ್, ಪ್ಯಾಡ್ ಕೊಡುವವರು, ಓದಿನ ಸಲಹೆಗಾರರು, ಇವರ ಹತ್ತಿರ ಕೂತು ಮಾತಾಡಬೇಕು. ಗಾಯವಾಗಿದ್ದಾಗ ಮೀಟಿಂಗ್‌ಗೆ ಬರುತ್ತಿದ್ದನಾ? ಆಡದ ವಾರಗಳಲ್ಲೂ ಆಟದ ಪುಸ್ತಕ ಕಲಿಯುತ್ತಿದ್ದನಾ? ಅಭ್ಯಾಸ ಮುಗಿದ ಮೇಲೆ ಉಳಿಯುತ್ತಿದ್ದನಾ? ಡೆಟ್ರಾಯಿಟ್‌ನ ಅಮೊನ್-ರಾ ಸೇಂಟ್ ಬ್ರೌನ್ ಅಭ್ಯಾಸವಾದ ಮೇಲೆ ಚೆಂಡು ಉಗುಳುವ ಯಂತ್ರದ ಮುಂದೆ ನಿಂತು 202 ಕ್ಯಾಚ್ ಹಿಡಿದೇ ಹೋಗುವುದು ಈಗ ಎಲ್ಲರಿಗೂ ಗೊತ್ತು. 2021ರಲ್ಲಿ ಆತ ನಾಲ್ಕನೇ ರೌಂಡ್, 112ನೆಯವನು. ತನಗಿಂತ ಮೊದಲು ಹೋದ 16 ರಿಸೀವರ್‌ಗಳ ಹೆಸರು ಬಾಯಿಪಾಠ ಹೇಳುತ್ತಾನೆ. 2023ರಲ್ಲಿ 119 ಕ್ಯಾಚ್, 1,515 ಗಜ.

ಸ್ಥಾನ ಬದಲಾಯಿಸಿದವರದ್ದು ಇನ್ನೊಂದು ಬಗೆ. ಜೂಲಿಯನ್ ಎಡಲ್‌ಮನ್ ಕೆಂಟ್ ಸ್ಟೇಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಕಾಂಬೈನ್‌ಗೆ ಕರೆಯೇ ಬರಲಿಲ್ಲ. 2009ರಲ್ಲಿ ಪೇಟ್ರಿಯಟ್ಸ್ ಏಳನೇ ರೌಂಡ್‌ನಲ್ಲಿ, 232ನೆಯವನಾಗಿ ತೆಗೆದುಕೊಂಡಿತು. 1,000 ಗಜದ ಮೊದಲ ವರ್ಷ ಬಂದದ್ದು 2013ರಲ್ಲಿ. ನಡುವಿನ ನಾಲ್ಕು ವರ್ಷ ಪಂಟ್ (ಎದುರಾಳಿ ದೂರಕ್ಕೆ ಒದ್ದ ಚೆಂಡು) ಹಿಡಿದ, ಒಮ್ಮೊಮ್ಮೆ ಡಿಫೆನ್ಸ್‌ನಲ್ಲೂ ಆಡಿದ. ಮುಂದೆ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನೂ ಆದ. ಅಷ್ಟು ಕಾಯುವ ತಾಳ್ಮೆ ಎಲ್ಲ ತಂಡಕ್ಕೂ ಇರುವುದಿಲ್ಲ.

ಆಡಂ ಥೀಲನ್‌ನನ್ನು ಯಾರೂ ಡ್ರಾಫ್ಟ್ ಮಾಡಲೇ ಇಲ್ಲ. ಮಿನೆಸೋಟಾ ಸ್ಟೇಟ್ ಎಂಬ ಡಿವಿಷನ್ 2 (ಎಫ್‌ಸಿಎಸ್‌ಗಿಂತಲೂ ಕೆಳಗಿನ ದರ್ಜೆ) ಕಾಲೇಜು ಕೊಟ್ಟಿದ್ದು 500 ಡಾಲರ್ ಸ್ಕಾಲರ್‌ಶಿಪ್. 2013ರಲ್ಲಿ ತನ್ನ ರಾಜ್ಯದ ವೈಕಿಂಗ್ಸ್ ತಂಡದ ಹೊಸಬರ ಕ್ಯಾಂಪ್‌ಗೆ ಪರೀಕ್ಷೆಗೆ ಬಂದು, ಒಂದು ವರ್ಷ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಕಳೆದ. ಆಮೇಲೆ ಕಿಕ್ ಆಟಗಳಲ್ಲಿ ಜಾಗ ಗಿಟ್ಟಿಸಿದ. 2018ರ ಮೊದಲ ಎಂಟು ಪಂದ್ಯಗಳಲ್ಲೂ ಬಿಡದೆ 100 ಗಜ ದಾಟಿದ. ನಿಮ್ಮ ಸೀಹಾಕ್ಸ್‌ನ ಡಗ್ ಬಾಲ್ಡ್‌ವಿನ್ ಕೂಡ ಡ್ರಾಫ್ಟ್ ಆಗದೆ 2011ರಲ್ಲಿ ಬಂದವನೇ. 2015ರಲ್ಲಿ 14 ಟಚ್‌ಡೌನ್ ಹಿಡಿದ.

ಇಷ್ಟು ಹೆಸರು ಕೇಳಿ, ಕೊನೆಯ ರೌಂಡ್‌ಗಳಲ್ಲೇ ಮುತ್ತು ರಾಶಿ ಬಿದ್ದಿದೆ ಅಂತ ಅನಿಸಬಹುದು. ಹಾಗಿಲ್ಲ. ಪ್ರತಿ ವರ್ಷ ಸುಮಾರು 30 ರಿಸೀವರ್‌ಗಳು ಡ್ರಾಫ್ಟ್ ಆಗುತ್ತಾರೆ, ಡ್ರಾಫ್ಟ್ ಆಗದವರೂ ಎಷ್ಟೋ ಜನ ಸೇರುತ್ತಾರೆ. ಒಂದು ತಂಡದ 53 ಜನರಲ್ಲಿ ರಿಸೀವರ್‌ಗೆ ಇರುವುದು ಐದಾರು ಜಾಗ. ಆರನೇ, ಏಳನೇ ರೌಂಡ್‌ನ ಹೆಚ್ಚಿನ ಹುಡುಗರು ಎರಡು ಮೂರು ವರ್ಷದಲ್ಲಿ ಕಾಣೆಯಾಗುತ್ತಾರೆ. ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಅವರೂ ಚಿಕ್ಕಂದಿನಿಂದ ಅಷ್ಟೇ ದುಡಿದವರು. ಮೊದಲ ರೌಂಡ್‌ನವರು ಗೆಲ್ಲುವ ಸಾಧ್ಯತೆ ಇವತ್ತಿಗೂ ಜಾಸ್ತಿಯೇ. ಹಾಗಾಗಿ ಸ್ಕೌಟ್ ಪ್ರತಿ ಫೈಲ್‌ನಲ್ಲೂ ನಕುವಾನನ್ನು ಕಾಣಲು ಹೋಗಬಾರದು. ನೂರು ಕಾರಣಗಳಲ್ಲಿ ತೊಂಬತ್ತು ಸರಿಯಾದ ಕಾರಣಗಳೇ. ಉಳಿದ ಹತ್ತನ್ನು ಗುರುತಿಸುವುದರಲ್ಲೇ ಕಷ್ಟ ಇರುವುದು.

ಆ ಹತ್ತೂ ಈಗ ಜಾಗ ಬದಲಾಯಿಸುತ್ತಿವೆ. 2018ರಲ್ಲಿ ಆಟಗಾರರು ಕಾಲೇಜು ಬದಲಾಯಿಸಲು ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು. ಹಿಂದಿನ ಕಪ್‌ನಂಥವನು ಇವತ್ತು ಎರಡನೇ ವರ್ಷಕ್ಕೇ ಸಣ್ಣ ಕಾಲೇಜು ಬಿಟ್ಟು ದೊಡ್ಡ ಕಾಲೇಜಿಗೆ ಹೋಗಿಬಿಡಬಹುದು. 2006ರಲ್ಲಿ ಸೇಂಟ್ಸ್ ತಂಡ 255ರಲ್ಲಿ 252ನೆಯವನಾಗಿ ಹಾಫ್‌ಸ್ಟ್ರಾ ಎಂಬ ಕಾಲೇಜಿನ ಮಾರ್ಕಸ್ ಕೋಲ್ಸ್‌ಟನ್‌ನನ್ನು ತೆಗೆದುಕೊಂಡಿತು. ಮೊದಲ ವರ್ಷವೇ 1,038 ಗಜ ಗಳಿಸಿದ. ಹಾಫ್‌ಸ್ಟ್ರಾ 2009ರಲ್ಲಿ ಫುಟ್‌ಬಾಲನ್ನೇ ನಿಲ್ಲಿಸಿತು. ಅಂಥ ಮೂಲೆಗಳು ಕಡಿಮೆಯಾಗುತ್ತಿವೆ. ಈಗ ನಾನು ಹುಡುಕುವುದು ದೊಡ್ಡ ತಂಡದ ಬೆಂಚಿನಲ್ಲಿ, ಇಬ್ಬರು ಸ್ಟಾರ್‌ಗಳ ಹಿಂದೆ ಸಿಕ್ಕಿಬಿದ್ದವರಲ್ಲಿ, ಗಾಯದಿಂದ ಒಂದು ವರ್ಷ ಕಳೆದುಕೊಂಡವರಲ್ಲಿ, ಮೂರು ವರ್ಷದಲ್ಲಿ ಮೂರು ಕ್ವಾರ್ಟರ್‌ಬ್ಯಾಕ್ ಕಂಡವರಲ್ಲಿ.

ಇನ್ನು ನಿಮ್ಮ ಮಗ. ಕಾಲೇಜು ಕೋಚ್‌ಗಳು ಫಾರ್ಟಿ ಕೇಳುತ್ತಾರೆ, ಕೇಳಲಿ. ನಿಜವಾದ ಟೈಮ್ ಹೇಳಲಿ, ಕಡಿಮೆ ಮಾಡಿ ಹೇಳುವುದು ಬೇಡ. ಕ್ಯಾಂಪ್‌ನಲ್ಲಿ ಅವರೇ ಅಳೆಯುತ್ತಾರೆ. ಟ್ರ್ಯಾಕ್ ತಂಡ ಸೇರಿದರೆ ಓಡುವ ಶೈಲಿ ಸುಧಾರಿಸುತ್ತದೆ, ಮೊದಲ 10 ಗಜ ಬದಲಾಗಬಹುದು. ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದನ್ನು ಅಭ್ಯಾಸ ಮಾಡಲಿ. ಪೂರ್ತಿ ವೇಗದಿಂದ ಮೂರು ಹೆಜ್ಜೆಯಲ್ಲಿ ನಿಂತು ತಿರುಗುವುದು, ಎರಡೂ ಕಡೆಗೆ. ಫೋನನ್ನು ಪಕ್ಕದಲ್ಲಿಟ್ಟು ವಿಡಿಯೋ ಮಾಡಿಕೊಂಡರೆ ಎದೆ ಎಲ್ಲಿ ಏಳುತ್ತಿದೆ ಅಂತ ಅವನಿಗೇ ಕಾಣುತ್ತದೆ.

ಹೈಲೈಟ್ ವಿಡಿಯೋ ಮಾಡುವಾಗ ಅತಿ ಬಲವಾದ ಎದುರಾಳಿಯ ಮೇಲಿನ ಆಟಗಳನ್ನು ಮೊದಲು ಹಾಕಿ. ಚೆಂಡು ಏಳುವ ಮೊದಲು ಅವನ ಮೇಲೆ ಬಾಣದ ಗುರುತು ಇರಲಿ. ಕ್ಯಾಚ್ ಆದ ತಕ್ಷಣ ಕತ್ತರಿಸಬೇಡಿ, ವಿಸಲ್ ಊದುವವರೆಗೆ ಬಿಡಿ. ಒಳ್ಳೆ ಬ್ಲಾಕ್ ಮೂರು ನಾಲ್ಕಾದರೂ ಇರಲಿ. ಹಿನ್ನೆಲೆ ಹಾಡು ಬೇಡ. ಮಾರ್ಕ್ಸ್‌ಕಾರ್ಡ್ ಒಳ್ಳೆಯದಿದ್ದರೆ ಮೇಲ್‌ನಲ್ಲಿ ಮೊದಲೇ ಹೇಳಿ, ಸ್ಕಾಲರ್‌ಶಿಪ್ ಬಜೆಟ್ ಚಿಕ್ಕದಾಗಿರುವ ಕಾಲೇಜುಗಳಿಗೆ ಅದು ತುಂಬಾ ದೊಡ್ಡ ವಿಷಯ. ದೊಡ್ಡ ಹೆಸರಿನ ಕಾಲೇಜಿಗೆ ಮಾತ್ರ ಕಳಿಸಬೇಡಿ. ಚೀನಿಗೆ ಕಾರಿನಲ್ಲಿ ಒಂದೇ ದಿನದ ದಾರಿ, ಬೇಸಿಗೆ ಕ್ಯಾಂಪ್ ಇದ್ದರೆ ಕರೆದುಕೊಂಡು ಹೋಗಿ. ಮತ್ತೆ, ಹೈಲೈಟ್ ಜೊತೆಗೆ ಎರಡು ಪೂರ್ತಿ ಪಂದ್ಯಗಳ ಲಿಂಕ್ ಕೊಡುವುದನ್ನು ಮರೆಯಬೇಡಿ. ಒಂದು ಚೆನ್ನಾಗಿ ಆಡಿದ್ದು, ಇನ್ನೊಂದು ಅವನಿಗೆ ಚೆಂಡೇ ಹೆಚ್ಚು ಬಾರದಿದ್ದದ್ದು. ಕೆಲಸ ಗೊತ್ತಿರುವ ಕೋಚ್ ಎರಡನೆಯದನ್ನೇ ಮೊದಲು ತೆರೆಯುತ್ತಾರೆ.